ಬತ್ತಿಸಿದ ನೀರು

ಮಾನಮ್ಮ ನೀರು ಕುದಿಸುವುದನ್ನು ಓಣಿಯ ಹೆಂಗಸರು ನಿಂತು ನೋಡುತ್ತಿದ್ದರು. ನೀರು ಕುದಿಸುವುದರಲ್ಲಿ ನೋಡುವಂಥದ್ದೇನಿದೆ ಎಂದು ಕೇಳುವವರು ಆಕೆಯ ಒಲೆಯ ಮುಂದೆ ಒಮ್ಮೆ ಕುಳಿತಿರಬೇಕಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು, ಬೋಗಾಣಿಯನ್ನು ಬೂದಿ ಹಾಕಿ ತಿಕ್ಕಿ, ಕೊಡದ ನೀರನ್ನು ಹಳೆಯ ಧೋತರದ ತುಂಡಿನಲ್ಲಿ ಸೋಸಿ, ತೊಗರಿ ಕಟ್ಟಿಗೆಯ ಉರಿ ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಕಾಯುತ್ತ ಕೂಡುತ್ತಿದ್ದಳು. ತುಂಬಿದ ಬೋಗಾಣಿ ಅರ್ಧಕ್ಕಿಳಿದು, ಅರ್ಧವೂ ಬತ್ತಿ, ಕೊನೆಗೆ ಒಂದು ತಂಬಿಗೆಯಷ್ಟು ಉಳಿದ ಮೇಲೆಯೇ ಕೆಳಗಿಳಿಸುವುದು. ಬಾಣಂತಿಯ ಕಷಾಯವನ್ನು ಬತ್ತಿಸುವ ಕ್ರಮ ಅದು. ಆಕೆಗೆ ಅದನ್ನು ಆಕೆಯ ತಾಯಿ ಕಲಿಸಿದ್ದಳು, ತಾಯಿಗೆ ಅವಳ ತಾಯಿ.

ಸುರಪುರದಲ್ಲಿ ಸೊಸೆ ಶೇಖಮ್ಮನ ಹೆರಿಗೆಯಾದಾಗ ನರ್ಸಮ್ಮ ಒಂದು ಮಾತು ಹೇಳಿ ಕಳಿಸಿದ್ದಳು: "ಪುಡಿ ಹಾಲು ಕಲಸೋ ನೀರು ಕುದಿಸಿ ಆರಿಸ್ರಿ." ಎಷ್ಟು ಕುದಿಸಬೇಕೆಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವಿದೆಯೆಂದು ಅವಳಿಗೆ ತೋರಿರಲಿಕ್ಕಿಲ್ಲ. ಮಾನಮ್ಮನಿಗಾದರೂ ಕೇಳುವ ಅಗತ್ಯ ತೋರಲಿಲ್ಲ. ಕುದಿಸಿದರೆ ಒಳ್ಳೆಯದೆಂದ ಮೇಲೆ ಹೆಚ್ಚು ಕುದಿಸಿದರೆ ಇನ್ನೂ ಒಳ್ಳೆಯದಲ್ಲವೇ? ಬಹುಕಾಲ ಕಾದು ಹುಟ್ಟಿದ ಗಂಡುಕೂಸಿಗೆ ಕಟ್ಟಿಗೆಯ ಜಿಪುಣತನ ಮಾಡುವವಳಲ್ಲ ಆಕೆ.

ಕೂಸಿನ ಹೆಸರು ಬುದ್ಧಪ್ರಿಯ. ಬಾಣಂತಿಜ್ವರದಲ್ಲಿ ಶೇಖಮ್ಮನ ಎದೆಹಾಲು ಬತ್ತಿಹೋಗಿತ್ತು. ಜ್ವರ ಬಿಟ್ಟ ಮೇಲೆ ಅವಳು ಭತ್ತದ ಗದ್ದೆಗಳ ಕಳೆ ಕೀಳಲು ಹೊರಟಳು. ಮಗ ಅಂಬ್ರಪ್ಪ ಪರರ ಟ್ರ್ಯಾಕ್ಟರ್ ಓಡಿಸುವವನು, ಅವನೂ ಹೊಲದಲ್ಲೇ. ಹೀಗಾಗಿ ಕೂಸು ಅಜ್ಜಿಯ ಮಡಿಲಲ್ಲಿ ಬೆಳೆಯಿತು, ಮತ್ತು ಸಾಲೆ ಬಿಟ್ಟೊಡನೆ ಓಡಿ ಬರುವ ಅಕ್ಕ ಭಾಗ್ಯಳ ಹೆಗಲ ಮೇಲೆ. ಭಾಗ್ಯ ಏಳನೇ ಇಯತ್ತೆ. ತಮ್ಮನ ಮುಷ್ಟಿಯೊಳಗೆ ತನ್ನ ಬೆರಳು ಸಿಕ್ಕಿಕೊಂಡರೆ ಬಿಡಿಸಿಕೊಳ್ಳದೆ ಒಂದೇ ಕೈಯಲ್ಲಿ ಪಾಠ ಬರೆಯುವ ಹುಡುಗಿ.

ಕೂಸಿನ ಬಣ್ಣ ಮಾಸುತ್ತಿರುವುದನ್ನು ಮೊದಲು ಕಂಡವಳು ಪಕ್ಕದ ಮನೆಯ ಮದೀನಾಬಿ.

"ಯಾಕವ್ವ ಮಾನಮ್ಮ, ಕೂಸು ಕಪ್ಪಾಗಾಕತ್ತಾದಲ್ಲ?"

"ಕಪ್ಪಲ್ಲೇ, ಅವರ ಬಣ್ಣ ಅದು," ಎಂದಳು ಮಾನಮ್ಮ. ಸತ್ತ ಗಂಡನ ಹೆಸರನ್ನು ಆಕೆ ಬಾಯಲ್ಲಿ ಹೇಳುವವಳಲ್ಲ. "ಅವರೂ ಹಿಂಗೇ ಇದ್ರು, ನೀಲಿಗಪ್ಪು. ತುಟಿ ನೋಡು, ಉಗುರು ನೋಡು. ಹೋದವ್ರು ತಿರಗಿ ಬಂದಾರ."

"ಹಂಗಾದ್ರ ನಿನ್ನ ಗಂಡನ್ನ ನೀನೇ ತೊಡಿ ಮ್ಯಾಲ ಹಾಕ್ಕೊಂಡು ತೂಗಾಕತ್ತೀ ಅನ್ನು!"

ಮಾನಮ್ಮ ನಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ನಗೆಯಲ್ಲಿ ಕೂಸಿನ ತುಟಿಯ ನೀಲಿ ಒಂದು ಸಂಭ್ರಮವಾಗಿ ಹೋಯಿತು. ಭಾಗ್ಯಳೂ ನಕ್ಕಳು. ತಮ್ಮ ಮೊದಲಿನಂತೆ ಕಾಲು ಬಡಿಯುತ್ತಿಲ್ಲ, ಹಾಲು ಕುಡಿಯುತ್ತಲೇ ದಣಿದು ನಿದ್ದೆಹೋಗುತ್ತಾನೆ ಎಂಬುದು ಅವಳಿಗೆ ಕಂಡಿತ್ತು. ದೊಡ್ಡವನಾಗುತ್ತಿದ್ದಾನೆ, ಶಾಂತನಾಗುತ್ತಿದ್ದಾನೆ ಎಂದುಕೊಂಡಳು.

ಆ ಓಣಿಯ ನೀರಿನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹುಣಸಗಿಯಿಂದ ಕಾಲುವೆಯ ಗುಂಟ ಬರುವ ರಸ್ತೆಗೆ ಆ ಊರು ಹತ್ತಿದೆ. ಕಾಲುವೆ ನೀರುಂಡ ಗದ್ದೆಗಳು ಊರ ಸುತ್ತ ಹಸಿರಾಗಿ ಹಬ್ಬಿವೆ. ಓಣಿಯವರಿಗೆ ಬೋರಿಂಗು, ಅಂದರೆ ಕೈಪಂಪು, ಕೊರೆಸಿಕೊಟ್ಟಾಗ ಎತ್ತರದ ಜಾಗ ಬಿಟ್ಟುಕೊಡಲು ಯಾರೂ ಒಪ್ಪಲಿಲ್ಲ. ಸಿಕ್ಕಿದ್ದು ಗದ್ದೆಗಳ ಬಸಿನೀರೆಲ್ಲ ಬಂದು ನಿಲ್ಲುವ ತಗ್ಗು. ಗದ್ದೆಗೆ ಚೀಲಗಟ್ಟಲೆ ಸುರಿದ ಗೊಬ್ಬರ ಆ ನೀರಿನಲ್ಲಿ ಕರಗಿ, ಕಣ್ಣಿಗೆ ಕಾಣದೆ, ಮೂಗಿಗೆ ನಾರದೆ, ನೆಲದೊಳಗೆ ಇಳಿಯುತ್ತಿತ್ತು. ಹಿಂದೊಮ್ಮೆ ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ಆಮೇಲೊಬ್ಬ ಬಂದು ಬೋರಿಂಗಿನ ತಲೆಗೆ ಕೆಂಪು ಬಣ್ಣ ಬಳಿದ. "ಯಾಕ್ರೀ ಇದು?" ಎಂದು ಅಂಬ್ರಪ್ಪ ಕೇಳಿದ್ದಕ್ಕೆ, "ಮ್ಯಾಲಿನವ್ರ ಹುಕುಂ" ಎಂದು ಡಬ್ಬಿ ಎತ್ತಿಕೊಂಡು ಹೋದ. ಸರಕಾರದ ಸ್ವತ್ತೆಂಬ ಗುರುತಿರಬೇಕೆಂದು ಓಣಿ ತಿಳಿದುಕೊಂಡಿತು. ಬಣ್ಣಕ್ಕೆ ಬಾಯಿಲ್ಲ, ಆದರೆ ಬಾಯಿದ್ದವನು ಮಾತಾಡದೆ ಹೋದ. ಆ ನೀರು ಕುಡಿಯತಕ್ಕದ್ದಲ್ಲ ಎಂಬ ಒಂದು ವಾಕ್ಯ ಹೇಳುವಷ್ಟು ಲೆಕ್ಕಕ್ಕೆ ಆ ಓಣಿಯ ಜನ ಅವನಿಗೆ ಬರಲಿಲ್ಲ. ಮೇಲಿನ ಓಣಿಯಲ್ಲಿ ಶುದ್ಧ ನೀರಿನ ಘಟಕವೊಂದಿತ್ತು. ಹಾರ ಹಾಕಿ, ಕಾಯಿ ಒಡೆದು, ಫೋಟೋ ತೆಗೆಸಿಕೊಂಡು ತೆರೆದಿದ್ದರು. ಮೋಟರು ಸುಟ್ಟ ದಿನ ಹಾಕಿದ ಬೀಗ ಈಗ ತುಕ್ಕು ಹಿಡಿದಿತ್ತು.

ಆ ಶನಿವಾರ ಮುಂಜಾನೆಯ ಸಾಲೆಯಲ್ಲಿ ಗುರುದೇವಿ ಟೀಚರ್ ವಸ್ತುವಿನ ಪಾಠ ಮಾಡಿದರು. ಶಹಾಪುರದಿಂದ ಬಸ್ಸಿನಲ್ಲಿ ಬರುವ ಅವರು ಪುಸ್ತಕ ಓದಿಸಿ ಕೈತೊಳೆದುಕೊಳ್ಳುವವರಲ್ಲ. ಪ್ರಯೋಗದ ಪೆಟ್ಟಿಗೆ ಮುಖ್ಯ ಗುರುಗಳ ಕೋಣೆಯಲ್ಲಿ ಭದ್ರವಾಗಿದ್ದುದರಿಂದ ಮಕ್ಕಳನ್ನೇ ಬಿಸಿಯೂಟದ ಅಡಿಗೆಮನೆಗೆ ಕರೆದೊಯ್ದರು. ಗಾಜಿನ ಲೋಟದ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕಲಕಿದರು.

"ಉಪ್ಪು ಎಲ್ಲಿ ಹೋತು?"

"ಕರಗಿ ಹೋತ್ರಿ!" ಎಂದಿತು ವರ್ಗ.

"ಹೋತು ಅಂದ್ರ ಎಲ್ಲಿಗೆ? ಹುಣಸಗಿ ಸಂತಿಗೇನು?"

"ಈಗ ಬಸ್ ಇಲ್ರಿ ಟೀಚರ್," ಎಂದ ಮದೀನಾಬಿಯ ಮಗ ಫಿರೋಜ್, "ನಮ್ಮ ಅಪ್ಪನ ಟಂಟಂ ಹತ್ತಿರ್ಬೇಕು."

ನಗೆ ಅಡಗಿದ ಮೇಲೆ ಟೀಚರ್ ಹೇಳಿದರು: "ಎಲ್ಲಾ ವಸ್ತುನೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದ ಆಗ್ಯಾದ. ಉಪ್ಪಿನ ಕಣಗಳು ಬಿಡಿಬಿಡಿಯಾಗಿ ನೀರಿನ ಕಣಗಳ ನಡುವ ಸೇರ್ಕೊಂಡಾವ. ಕಾಣವಲ್ದು ಅಂದ್ರ ಇಲ್ಲ ಅಂತಲ್ಲ. ಈಗ ಈ ನೀರು ಕುದಿಸಿ ಅರ್ಧ ಮಾಡ್ತೀನಿ. ಉಳದದ್ದು ಹೆಚ್ಚು ಉಪ್ಪಾಗ್ತದೋ, ಕಡಿಮಿ ಉಪ್ಪಾಗ್ತದೋ? ಕೈ ಎತ್ರಿ."

ಕಡಿಮೆ ಎಂದು ಎದ್ದ ಕೈಗಳಲ್ಲಿ ಭಾಗ್ಯಳದೇ ಎಲ್ಲಕ್ಕಿಂತ ಎತ್ತರದಲ್ಲಿತ್ತು. "ಕುದಿಸಿದ್ರ ನೀರು ಸ್ವಚ್ಛ ಆಗ್ತಾವ್ರಿ. ನಮ್ಮ ಆಯಿ ದಿನಾ ಕುದಿಸ್ತಾಳ."

ನೀರು ಕುದಿಯಿತು, ಅರ್ಧವಾಯಿತು, ಆರಿತು. ಟೀಚರ್ ಭಾಗ್ಯಳ ಅಂಗೈಗೇ ಮೊದಲ ಹನಿ ಬಿಟ್ಟರು. ನೆಕ್ಕಿದವಳ ಮುಖ ಹುಳ್ಳಗಾಯಿತು.

"ನೀರಿನ ಕಣ ಆವಿಯಾಗಿ ಹಾರಿ ಹೋದ್ವು," ಎಂದರು ಟೀಚರ್. "ಉಪ್ಪಿನ ಕಣಕ್ಕ ಹಾರಾಕ ಬರೂದಿಲ್ಲ. ಅಷ್ಟೇ ಉಪ್ಪು ಈಗ ಅರ್ಧ ನೀರಾಗ ಅದ. ಕುದಿಸಿದ್ರ ನೀರಾಗಿನ ಕ್ರಿಮಿ ಸಾಯ್ತಾವ, ಖರೆ. ಕರಗಿದ್ದು ಮಾತ್ರ ಎಲ್ಲಿಗೂ ಹೋಗೂದಿಲ್ಲ."

ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಹಾರಿದರು. ಭಾಗ್ಯ ಮಾತ್ರ ಅಂಗೈಯನ್ನೇ ನೋಡುತ್ತ ನಿಂತಳು. ಅವಳ ಕಣ್ಣ ಮುಂದೆ ಬಂದು ನಿಂತದ್ದು ಅಜ್ಜಿ ದಿನವೂ ಬೂದಿ ಹಾಕಿ ತಿಕ್ಕುವ ಬೋಗಾಣಿಯ ತಳ, ತಿಕ್ಕಿದರೂ ಹೋಗದ ಅದರ ಬಿಳಿಯ ಕರೆ.

ಮನೆಗೆ ಬಂದವಳೇ ಹೇಳಿದಳು. "ಆಯಿ, ನೀರು ಬತ್ತಿಸಬ್ಯಾಡ. ಒಂದು ಕುದಿ ಬಂದ್ರ ಸಾಕು. ಬತ್ತಿಸಿದ್ರ ಅದರಾಗಿಂದು ಹೆಚ್ಚಾಗ್ತದ."

"ಏನು ಹೆಚ್ಚಾಗ್ತದ?"

"ಉಪ್ಪು."

"ನಾ ನೀರಾಗ ಉಪ್ಪು ಹಾಕೀನೇನೇ ಹುಚ್ಚಿ? ನಿಮ್ಮ ಟೀಚರ್ ಉಪ್ಪಿನ ನೀರು ಕಾಸಿ ಉಪ್ಪಿನ ಮಾತು ಹೇಳ್ಯಾಳ. ಇದು ಕುಡಿಯೋ ನೀರು."

ಭಾನುವಾರ ಅಜ್ಜಿ ಕೂಸಿಗೆ ಎರೆಯಲು ಕುಳಿತಾಗ ಭಾಗ್ಯ ಬೋರಿಂಗಿನ ನೀರನ್ನು ಸಣ್ಣ ಬಟ್ಟಲಿನಲ್ಲಿ ಒಲೆಯ ಮೇಲಿಟ್ಟು ಒಂದು ಹನಿಯೂ ಉಳಿಯದಂತೆ ಕುದಿಸಿದಳು. ತಳದಲ್ಲಿ ಬೂದುಬಿಳುಪಿನ ಪದರ ನಿಂತಿತು. ಬಟ್ಟಲನ್ನು ಬಟ್ಟೆಯಲ್ಲಿ ಹಿಡಿದು ಅಜ್ಜಿಯ ಮುಂದೆ ಒಯ್ದಳು.

"ನೋಡು. ಇದು ನೀರಾಗ ಇತ್ತು. ನಿನಗ ಕಾಣ್ತಿತ್ತೇನು?"

ಮಾನಮ್ಮ ಬಗ್ಗಿ ನೋಡಿದಳು, ಬೆರಳಿನಿಂದ ಕೆರೆದಳು. ಆಕೆ ಮೊಮ್ಮಗಳ ಮಾತನ್ನು ತಳ್ಳಿಹಾಕುವ ಒರಟಳಲ್ಲ. ಯೋಚಿಸಿಯೇ ಮಾತಾಡಿದಳು. ಆ ಯೋಚನೆಯೇ ಮುಳುವಾಯಿತು.

"ಇದು ಸುಣ್ಣ, ಮಗಳ. ನೀರಾಗಿನ ಹೊಲಸು. ಬೆಂಕಿ ಅದನ್ನ ಹೊರಗ ತಗದು ತಳಕ್ಕ ಕುಂದ್ರಿಸ್ಯಾದ. ನಾ ಮ್ಯಾಲಿನ ತಿಳಿನೀರು ಅಷ್ಟೇ ಬಗ್ಗಿಸ್ತೀನಿ. ಹೊಲಸು ಬೋಗಾಣ್ಯಾಗ ಉಳಿತದ, ಚಲೋದು ಕೂಸಿನ ಹೊಟ್ಟಿಗಿ ಹೋಗ್ತದ. ನಿನ್ನ ಪಾಠ ನನ್ನ ಮಾತನ್ನೇ ಖರೆ ಮಾಡ್ತು ನೋಡು."

ಅದರಲ್ಲಿ ಎಲ್ಲಿ ತಪ್ಪಿದೆಯೆಂದು ಭಾಗ್ಯಳಿಗೆ ಹೊಳೆಯಲಿಲ್ಲ. ಅಜ್ಜಿಯ ಮಾತು ಬಟ್ಟಲಿನಷ್ಟೇ ಸ್ಪಷ್ಟವಾಗಿತ್ತು. ಆದರೂ ಒಳಗೆ ಏನೋ ಚುಚ್ಚುತ್ತಿತ್ತು. ಕೇಳೋಣವೆಂದರೆ ಸಾಲೆಗೆ ಬೀಗ. ಟೀಚರ್ ಶಹಾಪುರದಲ್ಲಿ. ಅಂದು ಮಾನಮ್ಮ ಎಂದಿಗಿಂತ ಹೆಚ್ಚು ಬತ್ತಿಸಿದಳು. ಹೊಲಸಷ್ಟೂ ತಳಕ್ಕೆ ಕುಳಿತುಬಿಡಲಿ ಎಂಬುದು ಆಕೆಯ ಎಣಿಕೆ. ಪುಡಿ ಹಾಲು ಕಲಸಿ, ತನ್ನ ಮುಂಗೈ ಮೇಲೆ ಹನಿಸಿ ಬಿಸಿ ನೋಡಿ, ಕೂಸಿನ ಬಾಯಿಗಿಟ್ಟಳು. ಭಾಗ್ಯ ನೋಡುತ್ತ ಕುಳಿತಿದ್ದಳು. ತಮ್ಮನ ಮುಷ್ಟಿಗೆ ಬೆರಳು ಕೊಟ್ಟರೆ ಆ ಮುಷ್ಟಿ ಮುಚ್ಚಿಕೊಳ್ಳಲಿಲ್ಲ.

ಸೋಮವಾರ ಬಸ್ಸಿಳಿದ ಗುರುದೇವಿ ಟೀಚರಿಗೆ ಸಾಲೆಯ ಬಾಗಿಲಲ್ಲೇ ಅವಳು ಎದುರಾದಳು. ಪ್ರಾರ್ಥನೆಯನ್ನೂ ಕಾಯದೆ ಅಜ್ಜಿಯ ವಾದವನ್ನೆಲ್ಲ ಒಪ್ಪಿಸಿದಳು. ಟೀಚರ್ ಮೊದಲು ಮೆಚ್ಚುಗೆಯಿಂದ ಕೇಳಿದರು.

"ನಿಮ್ಮ ಆಯಿ ಶಾಣ್ಯಾ ಇದ್ದಾಳ. ತಳಕ್ಕ ಕುಂತದ್ದು ಸುಣ್ಣ, ಖರೆ. ಆದ್ರ ಎಲ್ಲಾ ವಸ್ತು ಕುಂದ್ರೂದಿಲ್ಲ, ಭಾಗ್ಯ. ಕೆಲವು ಕಡೀ ಹನಿ ತನಕ ಕರಗೇ ಇರ್ತಾವ. ತಿಳಿ ಅಂತೀವಲ್ಲ, ಆ ತಿಳಿನೀರಾಗೇ ಅವು ದಟ್ಟ ಆಗ್ತಾವ. ಯಾವ ನೀರು ಅದು?"

"ನಮ್ಮ ಓಣಿ ಬೋರಿಂಗಿಂದ್ರಿ. ಕೆಂಪು ಬಣ್ಣದ್ದು."

ಟೀಚರ್ ಕೈಚೀಲ ಜಾರಿತು. "ಕೆಂಪು? ಅದನ್ನ ಕುಡಿತೀರೇನು?"

"ಹೌದ್ರಿ. ಎಲ್ಲಾರೂ."

"ಕೂಸು ಹೆಂಗದ?"

"ಚಲೋ ಅದ್ರಿ. ಬರೇ ಮಲಗ್ತದ. ನಮ್ಮ ಮುತ್ಯಾನ ಬಣ್ಣ ಬಂದದ. ತುಟಿ, ಉಗುರು ಎಲ್ಲಾ ನೀಲಿಗಪ್ಪು..."

ಗುರುದೇವಿ ಟೀಚರ್ ಆಗಲೇ ಓಡುತ್ತಿದ್ದರು. ದಿನವೂ ಆ ಓಣಿಯ ಬಾಯಿಯ ಮುಂದೆಯೇ ನಡೆದು ಹೋಗುತ್ತಿದ್ದ ಅವರು ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಫಿರೋಜನ ಅಪ್ಪನ ಟಂಟಂ ಸುರಪುರದ ದವಾಖಾನೆಯ ಮುಂದೆ ನಿಲ್ಲುವ ಹೊತ್ತಿಗೆ ಬಿಸಿಲೇರಿತ್ತು. ಮಾನಮ್ಮ ಕೂಸನ್ನು ಎದೆಗವಚಿಕೊಂಡಿದ್ದಳು. ಭಾಗ್ಯ ಹಾಲಿನ ಬಾಟಲಿ ಹಿಡಿದಿದ್ದಳು. ಡಾಕ್ಟರು ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಬಿಳಿಯ ಅರಿವೆಗೆ ಒತ್ತಿದರು. ರಕ್ತ ಕೆಂಪಾಗಿರಲಿಲ್ಲ. ಕಾಸಿದ ಬೆಲ್ಲದ ಕಂದು ಬಣ್ಣವಿತ್ತು. ಗಾಳಿಗೆ ಹಿಡಿದರೂ ಕೆಂಪಾಗಲಿಲ್ಲ.

"ಹೊಲದ ಗೊಬ್ಬರದಾಗಿನ ನೈಟ್ರೇಟು," ಎಂದರು ಡಾಕ್ಟರು ಟೀಚರ್ ಕಡೆ ತಿರುಗಿ. "ದೊಡ್ಡವ್ರ ಮೈ ತಡಕೊಳ್ತದ. ಇಷ್ಟು ಸಣ್ಣ ಕೂಸಿಗೆ ಆಗೂದಿಲ್ಲ. ರಕ್ತ ಉಸಿರು ಹೊರೋದು ಬಿಟ್ಟದ. ಇದಕ್ಕ ಒಂದು ಇಂಜೆಕ್ಷನ್ ಅದ, ಇಲ್ಲಿ ಸಿಗಲ್ಲ. ಯಾದಗಿರಿಗೆ ಒಯ್ರಿ, ಈಗಿಂದೀಗ."

ಅಂಬುಲೆನ್ಸಿನಲ್ಲಿ ಕೂಸಿನ ಮುಖಕ್ಕೆ ಆಮ್ಲಜನಕದ ಮುಚ್ಚಳ ಹಾಕಿದರು. ಸುದ್ದಿ ತಿಳಿದ ಅಂಬ್ರಪ್ಪ, ಶೇಖಮ್ಮ ಹೊಲದ ಕೆಸರುಗಾಲಲ್ಲೇ ಬಂದು ಹತ್ತಿದರು. ಉಸಿರಾಡುವ ಗಾಳಿ ಅಷ್ಟೊಂದಿದ್ದೂ ರಕ್ತ ಅದನ್ನು ಹೊರಲಾರದೆ ಹೋಗುತ್ತದೆಂಬುದು ಭಾಗ್ಯಳ ಪುಸ್ತಕದಲ್ಲಿ ಇನ್ನೂ ಬಂದಿರಲಿಲ್ಲ. ಅವಳು ತಮ್ಮನ ಮುಷ್ಟಿಯನ್ನು ತನ್ನ ಬೆರಳಿನ ಸುತ್ತ ತಾನೇ ಮುಚ್ಚಿ ಹಿಡಿದುಕೊಂಡಳು. ಶಹಾಪುರ ದಾಟಿತು. ಭೀಮಾ ನದಿಯ ಸೇತುವೆ ಇನ್ನೂ ಕಾಣಿಸಿರಲಿಲ್ಲ. ಜೊತೆಗಿದ್ದ ನರ್ಸಮ್ಮ ಮುಚ್ಚಳ ತೆಗೆದು, ಕೂಸಿನ ಎದೆಗೆ ಕಿವಿಗೊಟ್ಟು, ಡ್ರೈವರನಿಗೆ ಸೈರನ್ ನಿಲ್ಲಿಸಲು ಹೇಳಿದಳು.

ಮಣ್ಣು ಮಾಡಿದ ಮೇಲೆ ಊರಿಗೆ ಸರಕಾರಿ ಜೀಪು ಬಂತು. ಬದುಕಿದ್ದಾಗ ಬಾರದ ಜೀಪು ಅದು. ಬಂದವರಲ್ಲಿ ದೊಡ್ಡವರಂತೆ ಕಂಡವರು ಬೋರಿಂಗಿನ ಕೆಂಪು ತಲೆಯನ್ನು ನೋಡಿ, ಫೋನಿನಲ್ಲಿ ಯಾರಿಗೋ ವರದಿ ಒಪ್ಪಿಸಿದರು. "ಮಾರ್ಕ್ ಮಾಡಿದ್ದೇ ಅದ ಸರ್. ಜನರ ಅಜ್ಞಾನ. ಮುದುಕಿ ನೀರನ್ನ ಕಷಾಯದ ಹಂಗ ಬತ್ತಿಸಿ ಕುಡಿಸ್ಯಾಳ."

ಮಾನಮ್ಮ ಅಂಗಳದಲ್ಲೇ ಕುಳಿತಿದ್ದಳು. ಆ ಮಾತು ಆಕೆಯ ಕಿವಿಗೆ ಬಿದ್ದಿತೆಂಬುದು ಭಾಗ್ಯಳಿಗೆ ತಿಳಿಯಿತು, ಏಕೆಂದರೆ ಆಕೆಯ ಅಳು ಥಟ್ಟನೆ ನಿಂತಿತು. ಹುಡುಗಿ ಎದ್ದು ಜೀಪಿನ ಬಳಿ ಹೋದಳು.

"ಸಾಹೇಬ್ರ, ಕೆಂಪು ಅಂದ್ರ ಏನಂತ ನಿಮಗ ಗೊತ್ತಿತ್ತಾ?"

"ಗೊತ್ತಿರಲಾರದೆ ಏನವ್ವ?"

"ನಮಗ ಯಾಕ ಹೇಳ್ಲಿಲ್ರಿ?"

ಅವರು ಗಡಿಯಾರ ನೋಡಿಕೊಂಡರು. ಅಜ್ಞಾನವೆಂಬ ಮಾತನ್ನು ಇಷ್ಟು ಸಲೀಸಾಗಿ ಆಡುವವರು ಒಂದನ್ನು ಮರೆಯುತ್ತಾರೆ: ತಿಳಿದವನು ತನ್ನ ತಿಳಿವನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಾದಾಗ ಹುಟ್ಟುವ ಅಜ್ಞಾನಕ್ಕೆ ತಿಳಿಯದವನು ಹೊಣೆಯಲ್ಲ. ಉತ್ತರದ ಬದಲಿಗೆ ಮರುದಿನ ಒಬ್ಬ ಬಂದು, ಮಾಸಿದ ಕೆಂಪಿನ ಮೇಲೆ ಹೊಸ ಕೆಂಪು ಬಳಿದು, ಈ ಸಲವೂ ತುಟಿ ಬಿಚ್ಚದೆ ಹೋದ.

ಅಂದು ಸಂಜೆ ಮಾನಮ್ಮ ಆರಿದ ಒಲೆಯ ಮುಂದೆ ಕುಳಿತು ಮೊಮ್ಮಗಳನ್ನು ಕರೆದಳು. ಬೋಗಾಣಿ ಮಗುಚಿ ಬಿದ್ದಿತ್ತು. ಓಣಿಯೆಲ್ಲ ದೃಷ್ಟಿ ತಾಗಿತೆಂದು ಹೇಳಿ ಆಕೆಯನ್ನು ಸಂತೈಸಿತ್ತು. ಶೇಖಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ನೀ ಸಾಲಿ ಕಲತಾಕಿ. ಖರೆ ಹೇಳು. ನನ್ನ ಕೈಲೇ ಆತೇನು?"

ಭಾಗ್ಯಳಿಗೆ ಸುಳ್ಳು ಹೇಳುವ ಮನಸ್ಸಾಯಿತು. ದೃಷ್ಟಿ ಎಂದರೆ ಸಾಕಿತ್ತು, ಅಜ್ಜಿ ನಂಬುತ್ತಿದ್ದಳು. ಆದರೆ ಓಣಿಯ ಇನ್ನೊಂದು ಮನೆಯಲ್ಲಿ ಮಕ್ತುಂಬಿ ತುಂಬು ಬಸುರಿ. ಆ ಮನೆಗೂ ನೀರು ಇದೇ ಬೋರಿಂಗಿನದು, ನಾಳೆ ಬತ್ತಿಸುವ ಕ್ರಮವೂ ಇದೇ.

"ನೀರಾಗ ವಿಷ ಇತ್ತು, ಆಯಿ. ನೀ ಹಾಕಿದ್ದಲ್ಲ. ಗದ್ದಿ ಕಡಿಂದ ಬಂದದ್ದು. ಬತ್ತಿಸಿದ್ರಿಂದ ಅದು ದಟ್ಟ ಆತು. ನಿನಗ ಯಾರೂ ಹೇಳಿರ್ಲಿಲ್ಲ."

ಮಾನಮ್ಮ ಮಗುಚಿ ಬಿದ್ದ ಬೋಗಾಣಿಯನ್ನು ನೆಟ್ಟಗಿಟ್ಟಳು.

"ನೀ ಹೇಳಿದ್ದಿ," ಎಂದಳು.

ಭಾಗ್ಯಳಿಗೆ ಅಳು ತಡೆಯಲಾಗಲಿಲ್ಲ. "ಅರ್ಧಾನೇ ಹೇಳಿದ್ದೆ, ಆಯಿ. ಅರ್ಧಾನೇ ನನಗ ಗೊತ್ತಿತ್ತು."

"ಇನ್ನರ್ಧ ಈಗ ಹೇಳು."

ಹುಡುಗಿ ಹೇಳಿದಳು. ಕಣಗಳ ಮಾತು, ಆವಿಯ ಮಾತು, ತಳಕ್ಕೆ ಕೂಡುವುದರ ಮತ್ತು ಕೂಡದೆ ತಿಳಿನೀರಿನಲ್ಲೇ ಅಡಗಿರುವುದರ ಮಾತು. ಮಾನಮ್ಮ ಒಂದೊಂದನ್ನೂ ತಿರುಗಿ ಕೇಳಿ, ತನ್ನ ಬಾಯಿಂದ ಒಮ್ಮೆ ಹೇಳಿ, ಸರಿಯೆಂದು ಭಾಗ್ಯ ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಬಿಟ್ಟಳು. ಪೂರ್ತಿ ತಿಳಿದ ಮೇಲೆ ಎರಡೂ ಅಂಗೈಗಳನ್ನು ಎದುರಿಗೆ ಹಿಡಿದು ನೋಡಿಕೊಂಡಳು. "ಅವರೇ ತಿರಗಿ ಬಂದಾರ ಅಂದ್ಕೊಂಡಿದ್ನಲ್ಲವ್ವ," ಎಂದು ಅಷ್ಟೇ ಅಂದಳು.

ಬೆಳಗಾದಾಗ ಮಾನಮ್ಮ ಬೋರಿಂಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ತಳಮೇಲಾಗಿಟ್ಟ ಖಾಲಿ ಕೊಡ. ಹೊಸ ಬಣ್ಣ ಇನ್ನೂ ಹಸಿಯಾಗಿದ್ದು ಆಕೆಯ ಸೆರಗಿಗೆ ಹತ್ತಿತ್ತು. ಕೊಡ ಹೊತ್ತು ಬಂದ ಒಬ್ಬೊಬ್ಬರನ್ನೂ ನಿಲ್ಲಿಸಿ, ಅಳದೆ, ಸಣ್ಣ ಮಕ್ಕಳು ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು: "ಕೆಂಪು ಅಂದ್ರ ಕುಡಿಬಾರದು. ತೊಳಿಯಾಕ ಒಯ್ರಿ, ಕುಡಿಯಾಕ ಬ್ಯಾಡ. ಕುದಿಸಿದ್ರ ಹೋಗೂದಿಲ್ಲ, ಹೆಚ್ಚಾಗ್ತದ. ನಾ ಕುದಿಸೀನಿ. ನನ್ನ ನೋಡ್ರಿ."

ಮಕ್ತುಂಬಿ ಒಂದು ಕೈ ಸೊಂಟಕ್ಕೆ ಕೊಟ್ಟು, ಕೊಡವನ್ನು ಕಟ್ಟೆಗಿಟ್ಟು, ಮಾತು ಮುಗಿಯುವ ತನಕ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು:

"ಹಂಗಾದ್ರ ನಾವು ಏನು ಕುಡೀಬೇಕು, ದೊಡ್ಡವ್ವ?"

ಸಾಲೆಗೆ ಹೊರಟಿದ್ದ ಭಾಗ್ಯ ಅಲ್ಲೇ ನಿಂತಳು. ಆ ಪ್ರಶ್ನೆಯ ಉತ್ತರ ಅವಳ ಪುಸ್ತಕದಲ್ಲಿರಲಿಲ್ಲ. ಮಾನಮ್ಮ ಮೇಲಿನ ಓಣಿಯ ಬೀಗ ಹಾಕಿದ ನೀರಿನ ಘಟಕದ ಕಡೆಗೊಮ್ಮೆ ನೋಡಿದಳು, ಸೆರಗಿನ ಕೆಂಪನ್ನು ನೋಡಿಕೊಂಡಳು. ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ಆ ಕಡೆಗೆ ನಡೆಯತೊಡಗಿದಳು. ಮಕ್ತುಂಬಿ ತನ್ನ ಕೊಡವನ್ನೂ ಎತ್ತಿಕೊಂಡು ಆಕೆಯ ಹಿಂದೆ ಹೊರಟಳು.